ಲಿಂಕ್ ಒತ್ತದವರಿಗಾಗಿ ಬರೆಯುವುದು

ಸ್ವಯಂಸೇವಾ ಸಂಸ್ಥೆಗಳ ಫೇಸ್‌ಬುಕ್ ಪುಟಗಳಲ್ಲಿ ಒಂದು ಒಕ್ಕಣೆ ಪದೇ ಪದೇ ಕಣ್ಣಿಗೆ ಬೀಳುತ್ತದೆ. "ನಮ್ಮ ಜಾಲತಾಣದಲ್ಲಿ ಹೊಸ ಲೇಖನ ಪ್ರಕಟವಾಗಿದೆ. ದಯವಿಟ್ಟು ಓದಿ, ಹಂಚಿಕೊಳ್ಳಿ." ಕೆಳಗೊಂದು ಲಿಂಕ್, ಅದರ ಕೆಳಗೆ ಸಾಲು ಹ್ಯಾಶ್‌ಟ್ಯಾಗ್. ಲೈಕ್ ಒತ್ತಿದವರು ಯಾರೆಂದು ನೋಡಿದರೆ ಸಂಸ್ಥೆಯ ಸಿಬ್ಬಂದಿ, ಒಬ್ಬಿಬ್ಬರು ಟ್ರಸ್ಟಿಗಳು, ಲೇಖನ ಬರೆದವರ ಮನೆಯವರು. ಹಳ್ಳಿ ಹಳ್ಳಿ ಸುತ್ತಿ, ವೈದ್ಯರನ್ನೂ ಆಶಾ ಕಾರ್ಯಕರ್ತೆಯರನ್ನೂ ಮಾತಾಡಿಸಿ ಲೇಖನ ಸಿದ್ಧಪಡಿಸಿದವರೇ, ಅದನ್ನು ಊರಿಗೆ ಹೇಳುವ ಹೊತ್ತಿಗೆ ಕೈ ಸೋತವರಂತೆ ಎರಡು ಸಾಲು ಗೀಚಿ ಎದ್ದುಬಿಡುತ್ತಾರೆ.

ಆ ಎರಡು ಸಾಲಿನ ಬಗ್ಗೆ ಬರೆಯಬೇಕಾದರೆ ಎದುರಿಗೆ ಒಂದು ಉದಾಹರಣೆ ಬೇಕು. ಹಾವು ಕಡಿತವನ್ನೇ ತೆಗೆದುಕೊಳ್ಳೋಣ. ಮಲೆನಾಡಿನಲ್ಲೋ ಬಯಲುಸೀಮೆಯಲ್ಲೋ ಆರೋಗ್ಯದ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆ, ಮುಂಗಾರಿಗೆ ಮುಂಚೆ ಹಾವು ಕಡಿತದ ಬಗ್ಗೆ ವಿವರವಾದ ಲೇಖನ ಪ್ರಕಟಿಸಿದೆ ಎಂದುಕೊಳ್ಳಿ. ಹೇಳುವುದಕ್ಕೆ ಸರಕು ಬೇಕಾದಷ್ಟಿದೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿತ್ತು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿತು. ಮರುತಿಂಗಳೇ ಕೇಂದ್ರದ ರಾಷ್ಟ್ರೀಯ ಕ್ರಿಯಾ ಯೋಜನೆ ಬಂತು. 2030ರ ಹೊತ್ತಿಗೆ ಸಾವುಗಳನ್ನು ಅರ್ಧಕ್ಕಿಳಿಸುವುದು ಅದರ ಗುರಿ.

ಇಷ್ಟೆಲ್ಲ ಇರುವ ಲೇಖನಕ್ಕೆ "ಹೊಸ ಲೇಖನ ಪ್ರಕಟವಾಗಿದೆ, ಓದಿ" ಎಂಬ ಡಂಗುರ ಯಾಕೆ ಸಾಲದು? ಏಕೆಂದರೆ ಪೋಸ್ಟ್ ನೋಡುವವರಲ್ಲಿ ಹೆಚ್ಚಿನವರು ಲಿಂಕ್ ಒತ್ತುವುದೇ ಇಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯ ಮತ್ತು ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಸಂಶೋಧಕರು 2016ರಲ್ಲಿ ಟ್ವಿಟರ್‌ನಲ್ಲಿ ಓಡಾಡುವ ಸುದ್ದಿ ಲಿಂಕುಗಳ ಜಾಡು ಹಿಡಿದಾಗ, ಅವುಗಳಲ್ಲಿ ಶೇ 59ರಷ್ಟನ್ನು ಯಾರೂ ಒಮ್ಮೆಯೂ ತೆರೆದಿರಲಿಲ್ಲ. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಶ್ಯಾಮ್ ಸುಂದರ್ ಮತ್ತು ಸಂಗಡಿಗರು 2017ರಿಂದ 2020ರವರೆಗಿನ ಮೂರೂವರೆ ಕೋಟಿ ಫೇಸ್‌ಬುಕ್ ಪೋಸ್ಟ್‌ಗಳನ್ನು ಜಾಲಾಡಿ 2024ರಲ್ಲಿ ವರದಿ ಮಾಡಿದ್ದು ಇನ್ನೂ ಸೋಜಿಗದ ಸಂಗತಿ. ಹಂಚಿಕೆಯಾದ ಲಿಂಕುಗಳಲ್ಲಿ ಸುಮಾರು ಮುಕ್ಕಾಲು ಪಾಲನ್ನು ಹಂಚಿದವರೇ ತೆರೆದು ಓದಿರಲಿಲ್ಲ! ಲಿಂಕ್ ಒತ್ತುವ ಮೊದಲೇ ಶೇರ್ ಗುಂಡಿ ಒತ್ತಿದ್ದರು. ನಮ್ಮ ವಾಟ್ಸ್‌ಆ್ಯಪ್ ಗುಂಪುಗಳನ್ನು ಕಂಡವರಿಗೆ ಇದಕ್ಕೆ ಅಮೆರಿಕದ ಪುರಾವೆಯೇನೂ ಬೇಕಿಲ್ಲ ಬಿಡಿ.

ಸುದ್ದಿ ಸಂಸ್ಥೆಗೆ ಇದು ನಷ್ಟದ ಬಾಬ್ತು. ಓದುಗ ಪುಟಕ್ಕೆ ಬಂದರೆ ತಾನೇ ಜಾಹೀರಾತು, ಆದಾಯ. ಸ್ವಯಂಸೇವಾ ಸಂಸ್ಥೆಯ ಲೆಕ್ಕವೇ ಬೇರೆ. ಹಾವು ಕಚ್ಚಿದಾಗ ಏನು ಮಾಡಬೇಕೆಂಬುದು ಜನರಿಗೆ ತಲುಪಬೇಕು, ಅಷ್ಟೇ. ಅದು ಲೇಖನದ ಹನ್ನೆರಡನೇ ಪ್ಯಾರಾದಿಂದ ತಲುಪಿತೋ ಪೋಸ್ಟ್‌ನ ಮೊದಲ ಸಾಲಿನಿಂದ ತಲುಪಿತೋ ಎಂಬುದು ಕಚ್ಚಿಸಿಕೊಂಡವನಿಗೆ ಮುಖ್ಯವಲ್ಲ. ಆದರೂ ನಮ್ಮ ಸಂಸ್ಥೆಗಳು ಸುದ್ದಿ ಕಂಪನಿಗಳನ್ನೇ ನಕಲು ಮಾಡಿ, ಅತಿ ಮುಖ್ಯವಾದದ್ದನ್ನು ಲಿಂಕ್‌ನ ಆಚೆ ಬಚ್ಚಿಟ್ಟು "ಹಾವು ಕಚ್ಚಿದಾಗ ನೀವು ಮಾಡಲೇಬಾರದ ಐದು ತಪ್ಪುಗಳು! ತಿಳಿಯಲು ಲಿಂಕ್ ಒತ್ತಿ" ಎಂದು ಬರೆಯುತ್ತವೆ. ನೆಟ್‌ವರ್ಕ್ ಸರಿಯಾಗಿ ಸಿಗದ ಗುಡ್ಡದ ಊರಿನಲ್ಲಿ ಇದನ್ನು ನೋಡಿದವನಿಗೆ ಆ ಐದರಲ್ಲಿ ಒಂದೂ ಗೊತ್ತಾಗುವುದಿಲ್ಲ. ನನ್ನ ಮಟ್ಟಿಗೆ ಇದು ಬರಹದ ದೋಷಕ್ಕಿಂತ ದೊಡ್ಡದು. ಬೀಗ ಹಾಕಿದ ಪ್ರಥಮ ಚಿಕಿತ್ಸೆ ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೂಗುಹಾಕಿದ ಹಾಗೆ.

ಅದೇ ಲೇಖನಕ್ಕೆ ಇನ್ನೊಂದು ಬಗೆಯಲ್ಲಿ ಬರೆದು ನೋಡಿ:

"ಹಾವು ಕಚ್ಚಿತೇ? ಗಾಯ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಚ್ಚಿದ ಕೈ-ಕಾಲು ಅಲ್ಲಾಡದಂತೆ ಇಟ್ಟು 108ಕ್ಕೆ ಕರೆ ಮಾಡಿ, ವಿಷಕ್ಕೆ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಹೋಗಿ. ಹಾವನ್ನು ಹಿಡಿಯಲು ಹೋಗಿ ಹೊತ್ತು ಕಳೆಯಬೇಡಿ."

ಇಷ್ಟನ್ನು ಓದಿ ಫೋನ್ ಜೇಬಿಗಿಳಿಸಿದವನೂ ಬರಿಗೈಲಿ ಹೋಗಲಿಲ್ಲ. ಹಾಗಿದ್ದರೆ ಲೇಖನವನ್ನು ಯಾರು ಓದುತ್ತಾರೆ ಎಂಬ ಆಕ್ಷೇಪ ಸಂಸ್ಥೆಯ ಸಭೆಯಲ್ಲಿ ಬಂದೇ ಬರುತ್ತದೆ. ಓದುತ್ತಾರೆ. ಕಟ್ಟಬಾರದೆಂದರೆ ಏಕೆ ಕಟ್ಟಬಾರದು, ಇಷ್ಟು ಕಾಲ ಅಜ್ಜಂದಿರು ಕಟ್ಟುತ್ತಿದ್ದರಲ್ಲ ಎಂಬ ಪ್ರಶ್ನೆ ಎದ್ದವರು ಓದುತ್ತಾರೆ. ಬಿಗಿದರೆ ರಕ್ತ ಸಂಚಾರ ನಿಂತು ಕೈಕಾಲಿಗೇ ಅಪಾಯ ಎಂಬುದನ್ನೂ, ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುವುದರಿಂದ ಕೊಯ್ದ ಗಾಯ ನಿಲ್ಲದೆ ಸೋರುತ್ತದೆ ಎಂಬುದನ್ನೂ ವಿವರಿಸಲು ಜಾಗ ಬೇಕು, ಅದು ಲೇಖನದಲ್ಲಿದೆ. ಏನು ಮಾಡಬೇಕು ಎಂಬುದು ಪೋಸ್ಟ್‌ನಲ್ಲಿರಲಿ, ಏಕೆ ಎಂಬುದು ಲಿಂಕ್‌ನ ಆಚೆ ಇರಲಿ. ಕುತೂಹಲದ ಬಗ್ಗೆ ಮನಶ್ಶಾಸ್ತ್ರ ಹೇಳುವುದೂ ಇದಕ್ಕೆ ಹೊಂದುತ್ತದೆ. ಜಾರ್ಜ್ ಲೋವೆನ್‌ಸ್ಟೀನ್ 1994ರಲ್ಲಿ ಮಂಡಿಸಿದ ವಾದದ ಪ್ರಕಾರ ಕುತೂಹಲ ಹುಟ್ಟುವುದು ಏನೂ ಗೊತ್ತಿಲ್ಲದಾಗ ಅಲ್ಲ, ಸ್ವಲ್ಪ ಗೊತ್ತಾಗಿ ಇನ್ನಷ್ಟು ಬಾಕಿಯಿದೆ ಅನ್ನಿಸಿದಾಗ.

ಮೇಲಿನ ಒಕ್ಕಣೆ ಟ್ವಿಟರ್‌ಗೆ, ಅಂದರೆ ಈಗಿನ ಎಕ್ಸ್‌ಗೆ, ಹಿಡಿಯುತ್ತದೆಯೇ? 140 ಇದ್ದ ಅಕ್ಷರ ಮಿತಿ 2017ರ ನವೆಂಬರ್‌ನಲ್ಲಿ 280 ಆಯಿತು. ಕನ್ನಡದಲ್ಲಿ ಬರೆಯುವವರು ಇಲ್ಲೊಂದು ಸೂಕ್ಷ್ಮ ಗಮನಿಸಬೇಕು. ಅಲ್ಲಿ ಎಣಿಕೆಯಾಗುವುದು ನಾವು ಕಾಣುವ ಅಕ್ಷರವಲ್ಲ, ಯುನಿಕೋಡ್‌ನ ಒಂದೊಂದು ಸಂಕೇತ. 'ಆಸ್ಪತ್ರೆ' ನಮ್ಮ ಕಣ್ಣಿಗೆ ಮೂರಕ್ಷರ. ಯಂತ್ರಕ್ಕೆ ಸಕಾರ, ಅದರ ಹಲಂತ, ಪಕಾರ, ತಕಾರ, ಇನ್ನೊಂದು ಹಲಂತ ಎಲ್ಲ ಬೇರೆ ಬೇರೆ ಸೇರಿ ಎಂಟು. ಒತ್ತಕ್ಷರ ತುಂಬಿದ ಸಂಸ್ಕೃತ ಪದಗಳನ್ನು ಸುರಿದರೆ ಜಾಗ ಬೇಗ ಮುಗಿಯುವುದು ಇದೇ ಕಾರಣಕ್ಕೆ. ಇನ್ನು ಲಿಂಕ್ ಎಷ್ಟೇ ಉದ್ದವಿರಲಿ ಅಲ್ಲಿ ಅದಕ್ಕೆ 23 ಅಕ್ಷರದ ಲೆಕ್ಕ. ಹಾವಿನ ಪೋಸ್ಟ್ ಲಿಂಕನ್ನೂ ಸೇರಿಸಿ 200ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಸಂಸ್ಥೆಯ ಹೆಸರು ಹಾಕಲು ಇನ್ನೂ ಜಾಗವಿದೆ.

ಹ್ಯಾಶ್‌ಟ್ಯಾಗ್ ಕನ್ನಡಕ್ಕೆ ಅಷ್ಟಾಗಿ ಒಗ್ಗದ ಸರಕು. ಇಂಗ್ಲಿಷ್‌ನಲ್ಲಿ ವಾಕ್ಯದ ನಡುವೆ ಊರಿನ ಹೆಸರಿಗೆ ಚಿಹ್ನೆ ಅಂಟಿಸಿದರೆ ಆ ಹೆಸರು ಹಾಗೆಯೇ ಉಳಿಯುತ್ತದೆ. ನಮ್ಮಲ್ಲಿ ವಿಭಕ್ತಿ ಪ್ರತ್ಯಯ ಬಂದು ಕೂರುತ್ತದೆ. #ಶಿವಮೊಗ್ಗ ಬೇರೆ, #ಶಿವಮೊಗ್ಗದಲ್ಲಿ ಬೇರೆ, ಒಂದನ್ನು ಹುಡುಕಿದವನಿಗೆ ಇನ್ನೊಂದು ಸಿಗುವುದಿಲ್ಲ. ಒಂದೆರಡನ್ನು ಕೊನೆಯಲ್ಲಿ, ಪ್ರತ್ಯಯವಿಲ್ಲದೆ ಇಟ್ಟರೆ ಸಾಕು. ಇಡದಿದ್ದರೂ ಆಕಾಶವೇನೂ ಕಳಚಿ ಬೀಳದು.

ಇನ್ಸ್ಟಾಗ್ರಾಂನಲ್ಲಂತೂ ಚಿತ್ರದ ಕೆಳಗಿನ ಬರಹದಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದೇ ಇಲ್ಲ. ಎಕ್ಸ್ 2023ರ ಅಕ್ಟೋಬರ್‌ನಲ್ಲಿ ಲಿಂಕ್‌ನ ಜೊತೆ ಕಾಣುತ್ತಿದ್ದ ಶೀರ್ಷಿಕೆಯನ್ನೇ ಕಿತ್ತುಹಾಕಿ ಬರೀ ಚಿತ್ರ ತೋರಿಸತೊಡಗಿತ್ತು, ಮುಂದೆ ಶೀರ್ಷಿಕೆ ಮರಳಿತು. ಇಂಥವನ್ನು ಕಂಪನಿಗಳು ತಮ್ಮ ಅನುಕೂಲಕ್ಕೆ ತಕ್ಕಂತೆ ಬದಲಿಸುತ್ತಲೇ ಇರುತ್ತವೆ. ಲಿಂಕ್ ಹಾಕಿದಾಗ ಮೂಡುವ ಶೀರ್ಷಿಕೆ, ಚಿತ್ರ, ಕಿರು ವಿವರಣೆ ಬರುವುದು ಫೇಸ್‌ಬುಕ್ 2010ರಲ್ಲಿ ರೂಪಿಸಿದ ಓಪನ್ ಗ್ರಾಫ್ ಎಂಬ ಏರ್ಪಾಡಿನಿಂದ. ಜಾಲತಾಣ ಮಾಡಿಕೊಟ್ಟವರು ಆ ಮೂರು ಖಾನೆಗಳನ್ನು ತುಂಬದೆ ಬಿಟ್ಟಿದ್ದರೆ ಹಾವಿನ ಲೇಖನದ ಜೊತೆ ಸಂಸ್ಥೆಯ ಲೋಗೋ ಮಾತ್ರ ಬರಬಹುದು. ಅದನ್ನೊಮ್ಮೆ ಸರಿಪಡಿಸಿಕೊಳ್ಳಿ.

ಕರ್ನಾಟಕದ ಹಳ್ಳಿಗಳ ಮಟ್ಟಿಗೆ ಪೋಸ್ಟ್ ಎಂದರೆ ಕೊನೆಗೆ ವಾಟ್ಸ್‌ಆ್ಯಪ್ ಫಾರ್ವರ್ಡ್. ಸ್ವಸಹಾಯ ಸಂಘದ ಗುಂಪು, ಹಾಲಿನ ಡೇರಿಯ ಗುಂಪು, ಶಾಲಾ ಪೋಷಕರ ಗುಂಪು, ಹೀಗೆ ಕೈ ಬದಲಿಸುತ್ತಾ ಹೋಗುತ್ತದೆ. 2018ರಲ್ಲಿ ಸುಳ್ಳು ಸಂದೇಶ ನಂಬಿ ಜನ ಬಡಿದು ಕೊಂದ ಪ್ರಕರಣಗಳಾದ ಮೇಲೆ ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಎಂಬ ಮಿತಿ ಬಂತು. 2020ರ ಏಪ್ರಿಲ್‌ನಿಂದ, ಆಗಲೇ ಹಲವು ಕೈ ದಾಟಿದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆ ಕಳಿಸಬಹುದು. ಅಂಥ ಸಂದೇಶದ ನೆತ್ತಿಯ ಮೇಲೆ ಎರಡು ಬಾಣದ ಗುರುತೂ ಇರುತ್ತದೆ. ಈ ಪಯಣದಲ್ಲಿ ಮೊದಲು ಕಳಚಿಕೊಳ್ಳುವುದು ಬರೆದವರ ಗುರುತು. ಯಾರೋ ನಕಲು ಮಾಡುವಾಗ ಲಿಂಕ್ ಬಿಟ್ಟಿರುತ್ತಾರೆ, ಇನ್ಯಾರೋ ಕೆಳಗೆ ತಮ್ಮದೊಂದು ನಾಟಿ ಮದ್ದು ಸೇರಿಸಿರುತ್ತಾರೆ. ಆದ್ದರಿಂದ ಸಂಸ್ಥೆಯ ಹೆಸರು ಕೊನೆಯಲ್ಲಿ ಸಹಿಯ ಹಾಗೆ ನಿಲ್ಲದೆ ಮೊದಲ ವಾಕ್ಯದ ಒಳಗೇ ಹೆಣೆದುಕೊಂಡಿರಬೇಕು.

ದಿನಾಂಕವೂ ಹಾಗೆಯೇ. "ಈ ಭಾನುವಾರ ಉಚಿತ ಶಿಬಿರ, ತಪ್ಪದೇ ಬನ್ನಿ" ಎಂಬ ಸಂದೇಶಕ್ಕೆ ಸಾವಿಲ್ಲ. ಪ್ರತಿ ಭಾನುವಾರವೂ ಅದಕ್ಕೆ 'ಈ ಭಾನುವಾರ'ವೇ. ತಿಂಗಳು, ಇಸವಿ ಸಮೇತ ಬರೆದರೆ ಮಾತ್ರ ಹಳೆಯದು ಹಳೆಯದಾಗಿ ಕಾಣುತ್ತದೆ. ಆಸ್ಪತ್ರೆಯಲ್ಲಿ ಚುಚ್ಚುಮದ್ದು ಲಭ್ಯವಿದೆ ಎಂಬಂಥ, ಇವತ್ತು ನಿಜವಾಗಿ ನಾಳೆ ಸುಳ್ಳಾಗಬಹುದಾದ ಮಾತನ್ನು ದಿನಾಂಕವಿಲ್ಲದೆ ಹರಿಯಬಿಡುವುದು ಜೀವಕ್ಕೇ ಸಂಚಕಾರ ತಂದೀತು.

ಇನ್ನು ಶೀರ್ಷಿಕೆಯ ಕಸರತ್ತು. "ನೋಡಿದ್ರೆ ಬೆಚ್ಚಿಬೀಳ್ತೀರಾ" ಎಂಬ ಧಾಟಿಗೆ ದೊಡ್ಡ ಕಾರ್ಖಾನೆ ತೆರೆದದ್ದು ಅಮೆರಿಕದ ಅಪ್‌ವರ್ದಿ. 2012ರಲ್ಲಿ ಶುರುವಾದ ಈ ತಾಣ ಸಾಮಾಜಿಕ ಕಾಳಜಿಯ ವಿಷಯಗಳನ್ನೇ ಹಂಚುತ್ತಿತ್ತು. ಪ್ರತಿ ತುಣುಕಿಗೆ 25 ಶೀರ್ಷಿಕೆ ಬರೆಯಬೇಕೆಂಬುದು ಅಲ್ಲಿನ ಸಂಪಾದಕರಿಗಿದ್ದ ಕಟ್ಟಳೆ. ಅವುಗಳಲ್ಲಿ ಕೆಲವನ್ನು ಓದುಗರ ಮೇಲೆ ಪ್ರಯೋಗಿಸಿ ಗೆದ್ದದ್ದನ್ನು ಉಳಿಸಿಕೊಳ್ಳುತ್ತಿದ್ದರು. 2014ರ ಆಗಸ್ಟ್‌ನಲ್ಲಿ ಫೇಸ್‌ಬುಕ್ ಇಂಥ ಶೀರ್ಷಿಕೆಗಳನ್ನು ಕೆಳಕ್ಕೆ ತಳ್ಳುವುದಾಗಿ ಸಾರಿತು. "ಒಪ್ಪುವವರು ಲೈಕ್ ಮಾಡಿ, ಮೂವರು ಗೆಳೆಯರನ್ನು ಟ್ಯಾಗ್ ಮಾಡಿ" ಎಂಬ ಗೋಗರೆತಕ್ಕೂ 2017ರ ಡಿಸೆಂಬರ್‌ನಲ್ಲಿ ಅದೇ ಗತಿ ಬಂತು. ಕನ್ನಡದ ಪುಟಗಳಿಗೆ ಈ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಅಪ್‌ವರ್ದಿ ಆ ಪ್ರಯೋಗಗಳ ದಾಖಲೆಯನ್ನು ಸಂಶೋಧಕರಿಗೆ ಬಿಟ್ಟುಕೊಟ್ಟಿತು. ಲಕ್ಷಕ್ಕೂ ಹೆಚ್ಚು ಶೀರ್ಷಿಕೆಗಳನ್ನು ತೂಗಿ ನೋಡಿದ ಒಂದು ತಂಡ 2023ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ: ಸಾಧಾರಣ ಉದ್ದದ ಶೀರ್ಷಿಕೆಯಲ್ಲಿ ಒಂದು ನಕಾರಾತ್ಮಕ ಪದ ಹೆಚ್ಚಾದರೆ ಕ್ಲಿಕ್ ಪ್ರಮಾಣ ಶೇ 2.3ರಷ್ಟು ಏರುತ್ತದೆ. ನಕಾರಾತ್ಮಕ ಮಾತು ಮಾರಾಟವಾಗುತ್ತದೆ ಎಂಬುದು ಈಗ ಅಳೆದು ಹೇಳಿದ ಮಾತಾಯಿತು. ಆದರೆ ಕ್ಲಿಕ್ ಸಿಕ್ಕ ಮೇಲೆ ಏನಾಯಿತು? ಆ ಅಂಕಿ ಅದನ್ನು ಹೇಳುವುದಿಲ್ಲ. ನಮ್ಮ ಹಾವಿನ ಲೇಖನಕ್ಕೆ "ಮನೆಯೊಳಗೆ ಯಮದೂತ! ನಿಮ್ಮ ಮಗು ಎಷ್ಟು ಸುರಕ್ಷಿತ?" ಎಂದು ಬರೆದರೆ ಜನ ಒತ್ತುತ್ತಾರೆ, ನಿಜ. ಮರುದಿನ ಕೋಳಿಗೂಡಿನ ಹತ್ತಿರ ಕಂಡ ಕೇರೆಹಾವನ್ನು, ಇಲಿ ತಿಂದು ರೈತನಿಗೆ ಉಪಕಾರ ಮಾಡುವ ವಿಷವಿಲ್ಲದ ಜೀವವನ್ನು, ಬಡಿದು ಸಾಯಿಸುತ್ತಾರೆ. ಹೊಡೆಯಲು ಹೋದವರೇ ಕಚ್ಚಿಸಿಕೊಳ್ಳುವುದೂ ಉಂಟು. ಭಯಕ್ಕಿಂತ ವಿವರ ಕೆಲಸ ಮಾಡುತ್ತದೆ. ಕಟ್ಟುಹಾವು ರಾತ್ರಿ ಓಡಾಡುವ ಹಾವು, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಕಚ್ಚಿದಲ್ಲಿ ನೋವಾಗಲೀ ಬಾವಾಗಲೀ ಇಲ್ಲದಿರಬಹುದು. "ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಎತ್ತಲಾಗುತ್ತಿಲ್ಲ ಎಂದರೆ ಗ್ಯಾಸ್ಟ್ರಿಕ್ ಎಂದು ಸುಮ್ಮನಿರಬೇಡಿ, ಹಾವು ಕಚ್ಚಿರಬಹುದು. ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಿ." ಇದರಲ್ಲಿ ಯಮದೂತನಿಲ್ಲ. ಓದಿದವರು ಮಾತ್ರ ಮರೆಯಲಾರರು.

ದಾನಿಗಳಿಗೆ ಬರೆಯುವ ಪೋಸ್ಟ್ ಪ್ರತ್ಯೇಕವೇ ಇರಬೇಕು. ಬೆಂಗಳೂರಿನ ಕಚೇರಿಯಲ್ಲೋ ನ್ಯೂಜೆರ್ಸಿಯ ಮನೆಯಲ್ಲೋ ಕುಳಿತು ಊರಿಗೇನಾದರೂ ಮಾಡೋಣ ಎನ್ನುವ ಕನ್ನಡಿಗನಿಗೆ ಸೊಳ್ಳೆಪರದೆಯ ಉಪದೇಶ ಬೇಡ. ಪರದೆ ಹಂಚಲು, ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡಲು ಎಷ್ಟು ಬೇಕು, ಕಳೆದ ಬಾರಿ ಕೊಟ್ಟದ್ದು ಏನಾಯಿತು ಎಂಬುದು ಬೇಕು. ದಾನಿಗೂ ಹಳ್ಳಿಯ ಓದುಗನಿಗೂ ಒಂದೇ ಪೋಸ್ಟ್ ಹಾಕಿ, ಇಂಗ್ಲಿಷ್‌ನಿಂದ ಕನ್ನಡಕ್ಕೆ ಯಂತ್ರದಿಂದ ದಾಟಿಸಿ ಕೈತೊಳೆದುಕೊಂಡರೆ ಇಬ್ಬರಿಗೂ ಅರ್ಧರ್ಧ ತಲುಪುತ್ತದೆ.

ದಾನಿಗಳ ವಿಷಯದಲ್ಲಿ ಎಲ್ಲ ತರಬೇತಿಗಳಲ್ಲೂ ಉದ್ಧರಿಸುವ ಪ್ರಯೋಗವೊಂದಿದೆ. ಡೆಬೊರಾ ಸ್ಮಾಲ್, ಲೋವೆನ್‌ಸ್ಟೀನ್ ಮತ್ತು ಪಾಲ್ ಸ್ಲೋವಿಕ್ 2007ರಲ್ಲಿ ಪ್ರಕಟಿಸಿದ್ದು. ಕೈಯಲ್ಲಿ ಐದು ಡಾಲರ್ ಇದ್ದವರಿಗೆ ಆಫ್ರಿಕಾದ ಹಸಿವಿನ ಅಂಕಿ ಅಂಶ ಕೊಟ್ಟಾಗ ಸರಾಸರಿ 1.14 ಡಾಲರ್ ಕೊಟ್ಟರು, ಮಾಲಿ ದೇಶದ ರೋಕಿಯಾ ಎಂಬ ಏಳು ವರ್ಷದ ಹುಡುಗಿಯ ಕತೆ ಹೇಳಿದಾಗ 2.38 ಡಾಲರ್. ಅಂದಿನಿಂದ 'ಅಂಕಿ ಬೇಡ, ಒಂದು ಮುಖ ತೋರಿಸಿ' ಎಂಬುದು ವೇದವಾಕ್ಯವಾಯಿತು. ಈಚೆಗೆ ಹೆಚ್ಚು ಜನರ ಮೇಲೆ ಅದೇ ಪ್ರಯೋಗ ಮರುಕಳಿಸಿದವರಿಗೆ ಆ ವ್ಯತ್ಯಾಸ ಕಾಣಲಿಲ್ಲ. ಕತೆ ಹೇಳಬಾರದೆಂದು ಇದರ ಅರ್ಥವಲ್ಲ. ಅಳುವ ಮಗುವಿನ ಮುಖ ಹಾಕಿದರೆ ಹಣ ಬಂದೇ ಬರುತ್ತದೆಂಬ ಖಾತರಿ ಮೊದಲಿನಷ್ಟು ಗಟ್ಟಿಯಾಗಿಲ್ಲ.

ಖಾತರಿ ಇದ್ದರೂ ಕಾನೂನು ಬಿಡುವುದಿಲ್ಲ. ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಪ್ರಕಾರ, ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳ ಹೆಸರು, ವಿಳಾಸ, ಶಾಲೆ, ಫೋಟೊ ಯಾವುದನ್ನೂ ಮಾಧ್ಯಮದಲ್ಲಿ ಬಯಲು ಮಾಡುವಂತಿಲ್ಲ. ತಪ್ಪಿದರೆ ಆರು ತಿಂಗಳವರೆಗೆ ಸಜೆ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಬೀದಿ ಮಕ್ಕಳ ಜೊತೆ, ಬಾಲಕಾರ್ಮಿಕರ ಬಿಡುಗಡೆಗೆ ದುಡಿಯುವ ಸಂಸ್ಥೆಗಳು "ನಾವು ರಕ್ಷಿಸಿದ ಮಗು" ಎಂದು ನಗುವ ಫೋಟೊ ಹಾಕುವ ಮುನ್ನ ಇದನ್ನು ಗೋಡೆಗೆ ಅಂಟಿಸಿಕೊಳ್ಳಲಿ. ಎಚ್‌ಐವಿ ಸೋಂಕಿತರ ವಿಷಯದಲ್ಲಿ 2017ರ ಕಾಯ್ದೆಯೂ ಇಷ್ಟೇ ಬಿಗಿ. ಆಸ್ಪತ್ರೆ ಹಾಸಿಗೆಯಲ್ಲಿ, ಬಾತ ಕಾಲು ಚಾಚಿಕೊಂಡು ಮಲಗಿರುವ ಹಾವು ಕಡಿತದ ರೋಗಿಯ ಒಪ್ಪಿಗೆ ಎಂಥ ಒಪ್ಪಿಗೆ? ಚಿಕಿತ್ಸೆ ಕೊಡಿಸಿದವರು ಕೇಳಿದಾಗ ಆತ ಇಲ್ಲ ಎನ್ನುವುದು ಕಷ್ಟ. ಮನೆಗೆ ಹೋಗಿ ಹಗುರಾದ ಮೇಲೆ ಕೇಳಿ.

ಕಚೇರಿಯ ಕಂಪ್ಯೂಟರಿನಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದನ್ನು ಫೇಸ್‌ಬುಕ್‌ಗೆ ಅಂಟಿಸಿದರೆ ಕಿಲುಬು ಹಿಡಿದ ಇಂಗ್ಲಿಷ್ ಅಕ್ಷರಗಳಾಗಿ ಮೂಡುತ್ತದೆ. ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೂ ಆ ರಗಳೆ ಬೇಡವೆಂದು ಇಡೀ ಬರಹವನ್ನು ಪೋಸ್ಟರ್ ಮಾಡಿ ಚಿತ್ರವಾಗಿ ಹಾಕುವ ಅಭ್ಯಾಸ ಬೇರೂರಿದೆ. ಚಿತ್ರದೊಳಗಿನ ಅಕ್ಷರವನ್ನು ಸುಲಭವಾಗಿ ನಕಲು ಮಾಡಲು ಬರುವುದಿಲ್ಲ, ದೃಷ್ಟಿ ಇಲ್ಲದವರ ಫೋನಿನ ಓದುಗ ತಂತ್ರಾಂಶ ಅದನ್ನು ಸರಿಯಾಗಿ ಓದಲಾರದು. ಪೋಸ್ಟರ್ ಇರಲಿ, ಅದರಲ್ಲಿರುವ ಮಾತೆಲ್ಲ ಕೆಳಗೆ ಅಕ್ಷರದಲ್ಲೂ ಇರಲಿ.

ಪೋಸ್ಟ್ ಹಾಕಿದ ಮೇಲೂ ಬರವಣಿಗೆ ಮುಗಿಯುವುದಿಲ್ಲ, ಕಾಮೆಂಟುಗಳು ಬರುತ್ತವೆ. ಹಾವಿನ ಪೋಸ್ಟ್ ಕೆಳಗೆ "ನಮ್ಮೂರಲ್ಲಿ ಒಬ್ಬರು ಬೇರು ತೇದು ಕುಡಿಸ್ತಾರೆ, ನೂರಾರು ಜನ ಉಳಿದಿದ್ದಾರೆ, ನಿಮ್ಮ ಇಂಜೆಕ್ಷನ್ ಬೇಡ" ಎಂದು ಒಬ್ಬರಾದರೂ ಬರೆಯದೆ ಇರುವುದಿಲ್ಲ. ಸಂಸ್ಥೆಗಳು ಸಾಮಾನ್ಯವಾಗಿ ಇದನ್ನು ಅಳಿಸುತ್ತವೆ, ಇಲ್ಲವೇ 'ಮೂಢನಂಬಿಕೆ' ಎಂದು ಗದರುತ್ತವೆ. ಎರಡರಿಂದಲೂ ಪ್ರಯೋಜನವಿಲ್ಲ. "ಉಳಿದಿರುವುದು ನಿಜವೇ ಇರಬಹುದು. ಬಹಳಷ್ಟು ಹಾವುಗಳಿಗೆ ವಿಷವಿಲ್ಲ, ವಿಷದ ಹಾವೂ ಕಚ್ಚಿದಾಗಲೆಲ್ಲ ವಿಷ ಬಿಡುವುದಿಲ್ಲ. ಅಂಥವರು ಏನು ಕುಡಿದರೂ, ಕುಡಿಯದಿದ್ದರೂ ಉಳಿಯುತ್ತಾರೆ. ವಿಷ ಇಳಿದಿದೆಯೇ ಎಂದು ಕಚ್ಚಿದ ಗುರುತು ನೋಡಿ ಹೇಳಲಾಗದು. ಅದಕ್ಕೇ ಮೊದಲು ಆಸ್ಪತ್ರೆ." ಹೀಗೆ ಉತ್ತರಿಸಿದರೆ ಕಾಮೆಂಟ್ ಬರೆದವರು ಒಪ್ಪದೆ ಇರಬಹುದು, ಪಕ್ಕದಲ್ಲಿ ನಿಂತು ಓದುತ್ತಿರುವ ಉಳಿದವರಿಗೆ ಅದು ತಾಗುತ್ತದೆ. ಆ ಉತ್ತರವನ್ನು ಎಲ್ಲಕ್ಕಿಂತ ಮೇಲೆ ಪಿನ್ ಮಾಡಿಡಿ. ಲೇಖನದಲ್ಲಿ ಈ ಅಂಶ ಬಿಟ್ಟುಹೋಗಿದ್ದರೆ ಒಂದು ಪ್ಯಾರಾ ಸೇರಿಸಿ, ಭತ್ತದ ಕೊಯ್ಲು ಶುರುವಾಗುವ ಹೊತ್ತಿಗೆ ಅದನ್ನೇ ಮುಂದಿಟ್ಟು ಎರಡನೇ ಪೋಸ್ಟ್ ಹಾಕಿ.